ಮಾವನ ಮಾತ್ರೆಗೆ ನನ್ನ ಒಟಿಪಿ

ಹೂಡಿ ಬಡಾವಣೆಯ ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಮನೆಮಂದಿಯ ಔಷಧಿಯೆಲ್ಲ ನನ್ನ ಫೋನ್ ನಂಬರಿನಲ್ಲೇ ಬರುತ್ತಿತ್ತು. ಒಂದೇ ನಂಬರಾದರೆ ಪಾಯಿಂಟ್ಸ್ ಬೇಗ ಸೇರುತ್ತವೆ ಎಂಬುದು ಅತ್ತೆಯ ಲೆಕ್ಕಾಚಾರ. ನಂಬರ್ ಒತ್ತಿದರೆ ಸಾಕು, ಯಾರಿಗೆ ಯಾವ ಕಾಯಿಲೆ ಎಂಬುದು ಅಂಗಡಿ ಹುಡುಗಿಯ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಅವಳಿಗೋ ದೊಡ್ಡ ಗಂಟಲು. ಒಮ್ಮೆ ಅಂಗಡಿ ತುಂಬ ಜನ ನಿಂತಿದ್ದಾಗ, "ಅಂಕಲ್, ಪೈಲ್ಸ್ ಆಯಿಂಟ್‌ಮೆಂಟ್ ಮತ್ತೆ ಬೇಕಾ?" ಎಂದು ನಮ್ಮ ಮಾವನನ್ನು ಕೇಳಿಬಿಟ್ಟಳು.

ಸರ್ಕಾರಿ ಕಾರ್ಖಾನೆಯಲ್ಲಿ ಯೂನಿಯನ್ ನಡೆಸಿ ನಿವೃತ್ತರಾದ ಮಾವ ಸುಮ್ಮನಿರುತ್ತಾರೆಯೇ? ಗಿರಾಕಿಯ ಒಪ್ಪಿಗೆ ಇಲ್ಲದೆ ಯಾರ ದಾಖಲೆಯನ್ನೂ ತೆರೆಯಕೂಡದು ಎಂದು ಮಾಲೀಕರೊಂದಿಗೆ ಜಗಳಕ್ಕೇ ನಿಂತರು. ಕೊನೆಗೆ ಹೊಸ ಏರ್ಪಾಟು ಬಂತು. ಫೋನಿಗೆ ಬಂದ ಒಟಿಪಿ ಹೇಳಿದರಷ್ಟೇ ದಾಖಲೆ ತೆರೆಯುತ್ತದೆ. ಮಾವ ಎದೆಯುಬ್ಬಿಸಿಕೊಂಡು ಓಡಾಡಿದರು. ಆ ಫೋನು ನನ್ನದು ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಯುಗಾದಿಯ ಬೆಳಿಗ್ಗೆ ನಾನೂ ಅತ್ತೆಯೂ ಒಬ್ಬಟ್ಟು ತಟ್ಟುತ್ತಿದ್ದೆವು. ಫೋನು ಬಂತು. ಕೈಯೆಲ್ಲ ಹೂರಣ, ಹೇಗೋ ಕಿರುಬೆರಳಲ್ಲಿ ಒತ್ತಿ ಸ್ಪೀಕರ್ ಹಾಕಿದೆ. ಯಾರೋ ಹುಡುಗಿ, ಮೆಡಿಕಲ್ ಶಾಪಿನಿಂದ ಎಂದು ಹೇಳಿ ಒಟಿಪಿ ಕೇಳಿದಳು. ಒಟಿಪಿ ಯಾರಿಗೂ ಕೊಡಬಾರದು ಎಂದು ನಮ್ಮ ಆಫೀಸಿನಲ್ಲಿ ಆಗಾಗ ಪಾಠ ಮಾಡುತ್ತಾರೆ. ಸರಿಯಾಗಿ ಉಗಿದೆ. ಆಗ ಮಾವನ ದನಿ ಕೇಳಿಸಿತು: "ನಾನೇ ಕಣಮ್ಮ, ಹೇಳಮ್ಮ." ಫ್ರಾಡ್ ಮಾಡುವವರು ಈಗ ದನಿಯನ್ನೂ ನಕಲು ಮಾಡುತ್ತಾರೆ ಎಂದು ಅದೇ ಪಾಠದಲ್ಲಿ ಹೇಳಿದ್ದರು. ಯಾವ ಔಷಧಿಗೆ ಎಂದು ಕೇಳಿದೆ. ಅದು ತಮ್ಮ ಸ್ವಂತ ವಿಷಯ ಎಂದಿತು ದನಿ. ಹಾಗಾದರೆ ನಮ್ಮ ಮಾವನಿಗೆ ಮಾತ್ರ ಗೊತ್ತಿರುವ ಏನಾದರೊಂದು ಹೇಳಿ ಎಂದೆ.

ದನಿ ಪಿಸುಗುಟ್ಟಿತು, "ಫ್ರಿಜ್ಜಲ್ಲಿದ್ದ ಜಾಮೂನು ತಿಂದಿದ್ದು ನಿನ್ನ ಮಗು ಅಲ್ಲ, ನಾನು."

ಒಬ್ಬಟ್ಟು ತಟ್ಟುತ್ತಿದ್ದ ಅತ್ತೆಯ ಕೈ ನಿಂತುಬಿಟ್ಟಿತು. ನಾನು ಗಡಿಬಿಡಿಯಲ್ಲಿ ಒಟಿಪಿ ಓದಿದೆ. ದಾಖಲೆ ತೆರೆಯಿತು, ಜೊತೆಗೆ ಹುಡುಗಿಯ ಗಂಟಲೂ. "ಅಂಕಲ್, ಅದೇ ಶುಗರ್ ಮಾತ್ರೆ ತಾನೇ?"

ಮಾವನಿಗೆ ಶುಗರ್ ಇದೆ ಎಂದು ನಮಗೆ ಗೊತ್ತಾದದ್ದು ಹೀಗೆ. ಅಂದು ಅವರ ಎಲೆಗೆ ಒಬ್ಬಟ್ಟು ಬೀಳಲಿಲ್ಲ. "ಹಬ್ಬ ಮುಗಿದ್ಮೇಲೆ ಹೇಳೋಣ ಅಂತಿದ್ದೆ" ಎಂದಷ್ಟೇ ಹೇಳಿ, ತಲೆ ತಗ್ಗಿಸಿ ಅನ್ನಕ್ಕೆ ಸಾರು ಕಲಸಿಕೊಂಡರು. ಅಲ್ಲಿಯವರೆಗೆ ನಗು ತಡೆದುಕೊಂಡಿದ್ದ ನನಗೆ ಆಮೇಲೆ ನಗು ಬರಲಿಲ್ಲ. ಅವರು ತಮ್ಮ ಬಾಯಿಂದ ಹೇಳಬೇಕಾದದ್ದನ್ನು ನಾವು ಸ್ಪೀಕರಿನಲ್ಲಿ ಕೇಳಿಸಿಕೊಂಡಿದ್ದೆವು.

ಮರುದಿನ ಮತ್ತೆ ಅಂಗಡಿಯಿಂದ ಫೋನು. ಮಾವ ತಮ್ಮ ದಾಖಲೆಯನ್ನು ತಮ್ಮದೇ ನಂಬರಿಗೆ ಬದಲಾಯಿಸಿಕೊಳ್ಳುತ್ತಾರಂತೆ. ಅದಕ್ಕೂ ನನ್ನ ಒಟಿಪಿ ಬೇಕಂತೆ. ಈ ಸಲ ನಾನು ಸ್ಪೀಕರ್ ಹಾಕಲಿಲ್ಲ. ಬಾಲ್ಕನಿಗೆ ಹೋಗಿ ಮೆಲ್ಲಗೆ ಓದಿ ಹೇಳಿ ಬಂದೆ.

"ಯಾರೇ ಫೋನ್ ಮಾಡಿದ್ದು?" ಎಂದರು ಅತ್ತೆ.

"ಯಾರೋ ಫ್ರಾಡು, ಅತ್ತೆ" ಎಂದೆ.