ಬುಧವಾರಕ್ಕೆ ಕಾದ ರೆಕ್ಕೆಗಳು

ಅನುಗೊಂಡನಹಳ್ಳಿ ಹತ್ತಿರದ ನನ್ನ ಅಕ್ಕನ ಮನೆಯಲ್ಲಿ, ದೇವರ ಕೋಣೆಯ ಕೆಳಗಿನ ಗೂಡಿನಲ್ಲಿ, ಒಂದು ಡ್ರೋನ್ ಇರುತ್ತದೆ. ಭಾವ ಅದನ್ನು ಖಯಾಲಿಗೆ ಕೊಂಡವರು. ತೋಟ, ಕೆರೆ, ತಮ್ಮದೇ ಮನೆಯ ತಾರಸಿ, ಎಲ್ಲವನ್ನೂ ಮೇಲಿಂದ ವಿಡಿಯೋ ಮಾಡಿ ನೆಂಟರಿಗೆ ಕಳಿಸುತ್ತಾರೆ. ಅದರ ಆರೈಕೆಗೂ ಏನೂ ಕಡಿಮೆ ಮಾಡಿದವರಲ್ಲ. ಪ್ರತಿ ಶುಕ್ರವಾರ ಊದುಬತ್ತಿ ಬೆಳಗುತ್ತಾರೆ. ಒಂದು ಕಾಲಿಗೆ ಕಪ್ಪು ದಾರ ಕಟ್ಟಿದ್ದಾರೆ. ಆಯುಧ ಪೂಜೆಯ ದಿನ ನಾಲ್ಕು ರೆಕ್ಕೆಗಳಿಗೂ ಕುಂಕುಮವಿಟ್ಟು, ಕ್ಯಾಮೆರಾದ ಗಾಜಿಗೂ ಇಡಲು ಹೋದಾಗ ನಾನು ಕೈ ಹಿಡಿದುಕೊಂಡೆ. ನನ್ನಿಂದ ಅಷ್ಟಾಯಿತು.

ಡ್ರೋನಿನ ಜೊತೆ ಬಂದ ಪುಸ್ತಕವನ್ನು ಆ ಮನೆಯಲ್ಲಿ ಓದಿದವನು ನಾನೊಬ್ಬನೇ. ಅದರಲ್ಲಿ ಊದುಬತ್ತಿಯ ಮಾತಿಲ್ಲ. ಹಾರಿಸುವ ಮೊದಲು ರೆಕ್ಕೆಗಳ ಅಂಚಿನ ಮೇಲೆ ಉಗುರು ಎಳೆದು ನೋಡಬೇಕು, ಸೀಳಿದ್ದರೆ, ಮುಕ್ಕಾಗಿದ್ದರೆ ಬದಲಾಯಿಸಬೇಕು. ಮೋಟರನ್ನು ಬೆರಳಿನಿಂದ ತಿರುಗಿಸಿ, ಕರಕರ ಎಂದರೆ ಮೆತ್ತನೆಯ ಬ್ರಶ್ಶಿನಿಂದ ಮಣ್ಣು ತೆಗೆಯಬೇಕು. ಬ್ಯಾಟರಿ ಉಬ್ಬಿದೆಯೇ ನೋಡಬೇಕು. ಒಂದು ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ.

ಭಾವನ ಮಗಳನ್ನು ಅರಿಶಿನಕುಂಟೆಗೆ ಕೊಟ್ಟರು. ಹುಡುಗನ ತಾಯಿ, ಅಂದರೆ ನಮ್ಮ ಬೀಗಿತ್ತಿ, ಮದುವೆಯ ಛತ್ರದಲ್ಲೇ ಒಂದು ಮಾತಂದಿದ್ದರು. "ನಮ್ ಕಡೆ ಡ್ರೋನ್ ಇಲ್ದೆ ನಾಮಕರಣನೂ ಮಾಡಲ್ಲ. ನಿಮ್ ಕಡೆ ಇನ್ನೂ ಬರೀ ಫೋಟೋನಾ?" ನಗುತ್ತಲೇ ಅಂದರು. ಪಕ್ಕದಲ್ಲಿದ್ದ ಹುಡುಗಿ ಮಾತ್ರ ತಲೆ ತಗ್ಗಿಸಿದಳು. ಭಾವ ಅದನ್ನು ನೋಡಿದರು. ಮಂಗಳವಾರ ಇವರ ಮನೆಯಲ್ಲಿ ಬೀಗರ ಊಟ. ಅವತ್ತು ಡ್ರೋನ್ ಹಾರಲೇಬೇಕು, ಮಗಳು ಆ ಮನೆಯಲ್ಲಿ ತಲೆಯೆತ್ತಿ ಓಡಾಡಬೇಕು ಎಂದು ಪಟ್ಟು ಹಿಡಿದರು.

ಮಂಗಳವಾರ ಬೆಳಿಗ್ಗೆ ನಾನು ಉಗುರು ಎಳೆದು ನೋಡಿದೆ. ಒಂದು ರೆಕ್ಕೆಯಲ್ಲಿ ಉಗುರು ಸಿಕ್ಕಿಕೊಂಡಿತು.

"ಭಾವ, ಇದು ಮುಕ್ಕಾಗಿದೆ. ಅವತ್ತು ಹೊಂಗೆ ಮರಕ್ಕೆ ತಗುಲಿಸಿದ್ರಲ್ಲ, ಆಗ್ಲೇ ಆಗಿರ್ಬೇಕು. ಹೊಸವು ಎಲ್ಲಿ?"

"ದೇವ್ರ ಮುಂದೆ ಅವೆ. ಡಬ್ಬಿ ಒಡೆದಿಲ್ಲ."

"ಕೊಡಿ, ಹಾಕ್ಬಿಡ್ತೀನಿ."

"ಇವತ್ತು ಮಂಗಳವಾರ ಕಣಪ್ಪ, ಹೊಸದು ಹಾಕ್ಬಾರ್ದು. ನಾಳೆ ಬುಧವಾರ ಪೂಜೆ ಮಾಡಿ ಹಾಕ್ತೀನಿ."

"ನಾಳೆ ಬೀಗರು ಇರ್ತಾರಾ?"

"ಏನಪ್ಪಾ ನಿಂದು! ಹಳೇದಕ್ಕೆ ಪೂಜೆ ಆಗೈತೆ. ಪೂಜೆ ಆಗ್ದೇ ಇರೋದನ್ನ ಬೀಗರ ತಲೆ ಮೇಲೆ ಹಾರಿಸ್ಲಾ?"

ಅಡುಗೆಮನೆಯಿಂದ ಅಕ್ಕ ಕೂಗಿದಳು. "ಲೇ, ಹೆಂಡ್ತಿ ಮಾತೇ ಕೇಳ್ದೋರು ಹೆಂಡ್ತಿ ತಮ್ಮನ ಮಾತು ಕೇಳ್ತಾರಾ? ಬಾ ಇಲ್ಲಿ, ಎಲೆ ಒರೆಸು."

ನಾನು ಎಲೆ ಒರೆಸಲು ಹೋದೆ.

ಮುಂದಿನದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಬೀಗರು ಕಾರಿನಿಂದ ಇಳಿದರು. ಡ್ರೋನ್ ತೆಂಗಿನ ಮರಕ್ಕಿಂತ ಮೇಲೆ ಹೋಯಿತು. ಭಾವನ ಕೈಯಲ್ಲಿದ್ದ ಫೋನಿನಲ್ಲಿ ಚಿತ್ರ ಅದುರುತ್ತಿತ್ತು. "ಗಾಳಿ," ಎಂದರು ಭಾವ. ತೆಂಗಿನ ಗರಿ ಒಂದೂ ಅಲ್ಲಾಡುತ್ತಿರಲಿಲ್ಲ. ಬೀಗಿತ್ತಿಯ ಮುಖ ಚೆನ್ನಾಗಿ ಬರಲಿ ಎಂದು ಡ್ರೋನನ್ನು ಶಾಮಿಯಾನದ ಪಕ್ಕಕ್ಕೆ ಇಳಿಸಿದರು. ಚಟ್ ಎಂದಿತು. ಡ್ರೋನ್ ಒಂದು ಕಡೆ ವಾಲಿ, ಶಾಮಿಯಾನದ ಬಟ್ಟೆಗೆ ಬಡಿದು, ಜಾರಿ, ನೀರಿನ ಡ್ರಮ್ಮಿನ ಪಕ್ಕ ಬಿತ್ತು. ಯಾರಿಗೂ ತಗುಲಲಿಲ್ಲ ಎಂದುಕೊಂಡೆ. ಆಮೇಲೆ ಬೀಗಿತ್ತಿ ಮುಡಿದಿದ್ದ ಮಲ್ಲಿಗೆ ಕಾಣಿಸಿತು. ಬಲಗಿವಿಯ ಹಿಂದೆ, ಆ ಹೂವಿನೊಳಗೆ, ರೆಕ್ಕೆಯ ಚೂರು ನೆಟ್ಟುಕೊಂಡು ನಿಂತಿತ್ತು. ಇನ್ನು ಎರಡು ಬೆರಳು ಮುಂದೆ ಬಂದಿದ್ದರೆ ಎಂಬ ವಾಕ್ಯವನ್ನು ನಾನು ಇವತ್ತಿಗೂ ಪೂರ್ತಿ ಮಾಡಲಾರೆ.

ಹುಡುಗಿ ಕುಂಕುಮದ ಬಟ್ಟಲು ಹಿಡಿದುಕೊಂಡು ಅಪ್ಪನನ್ನು ನೋಡುತ್ತಿದ್ದಳು. ಬೀಗಿತ್ತಿ ನಿಧಾನವಾಗಿ ಹೂವಿಗೆ ಕೈ ಹಾಕಿ ಚೂರನ್ನು ಕಿತ್ತು, ತಿರುಗಿಸಿ ನೋಡಿದರು. ಅದರ ಮೇಲೆ ಒಣಗಿದ ಕುಂಕುಮ ಇತ್ತು.

"ಪೂಜೆ ಮಾಡ್ಸಿದ್ರಾ ಇದಕ್ಕೆ?"

"ಆಯುಧ ಪೂಜೇಲಿ..." ಎಂದರು ಭಾವ.

ಬೀಗಿತ್ತಿ ಚೂರನ್ನು ಎರಡು ಕಣ್ಣಿಗೂ ಒತ್ತಿಕೊಂಡರು. "ಅದಕ್ಕೇ ನನ್ ಕಿವಿ ಉಳೀತು! ಪೂಜೆ ಇಲ್ದಿದ್ರೆ ನನ್ ಗತಿ ಏನಾಗ್ತಿತ್ತು? ನೋಡ್ರೋ, ಎಂಥಾ ಮನೆಯಿಂದ ಹೆಣ್ಣು ತಂದಿದೀವಿ!"

ಹುಡುಗಿ ತಲೆ ಎತ್ತಿದಳು. ಭಾವ ನನ್ನ ಕಡೆ ತಿರುಗಿ ನೋಡಿದರು. ಆ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಆಮೇಲೆ ಎಲ್ಲರೂ ಕುಳಿತು ಮುದ್ದೆ, ಮಟನ್ ಸಾರು ಊಟ ಮಾಡಿದರು. ಬೀಗಿತ್ತಿ ಚೂರನ್ನು ವೀಳ್ಯದೆಲೆಯಲ್ಲಿ ಸುತ್ತಿ ಪರ್ಸಿನಲ್ಲಿ ಇಟ್ಟುಕೊಂಡರು.

ಹೊರಡುವಾಗ ಹುಡುಗಿ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದಳು. "ಮಾವ, ಸೀಮಂತಕ್ಕೂ ಇದನ್ನೇ ಹಾರಿಸ್ಬೇಕಂತೆ, ಅತ್ತೆ ಆಗ್ಲೇ ಹೇಳ್ತಿದಾರೆ. ಅದು ಯಾವ ವಾರ ಬರುತ್ತೋ ಏನೋ. ನಂಗೆ ಭಯ ಆಗುತ್ತೆ."

ಅವಳ ಆ ಮಾತಿನಿಂದ ಆರೈಕೆಯ ಕ್ರಮದಲ್ಲಿ ಒಂದು ಬದಲಾವಣೆ ಮಾಡಿದ್ದೇನೆ. ಹೊಸ ರೆಕ್ಕೆಗಳು ಬಂದ ಕೂಡಲೇ ಮೊದಲು ಸಿಕ್ಕ ಬುಧವಾರ ನಾನೇ ಡಬ್ಬಿ ಒಡೆದು ಪೂಜೆ ಮಾಡಿಸುತ್ತೇನೆ. ಕುಂಕುಮವನ್ನು ತುದಿ ಬಿಟ್ಟು ನಡುವಿಗೆ ಮಾತ್ರ, ಸಾಸಿವೆಯಷ್ಟು ಇಡುತ್ತೇನೆ. ಪೂಜೆ ಆದ ರೆಕ್ಕೆಗಳನ್ನು ಯಾವ ವಾರ ಬೇಕಾದರೂ ಹಾಕಬಹುದು, ಅದಕ್ಕೆ ಭಾವನ ತಕರಾರಿಲ್ಲ.

"ಇಷ್ಟು ದಿನಕ್ಕೆ ನಿಂಗೂ ಭಕ್ತಿ ಬಂತಲ್ಲ," ಎನ್ನುತ್ತಾರೆ. ನಾನು ತಲೆಯಾಡಿಸಿ, ಅಂಚಿನ ಮೇಲೆ ಉಗುರು ಎಳೆಯುತ್ತೇನೆ.