ಕೈ ಬೀಸ್ಕೊಂಡು ಹೋಗು ಎಂದವರು

ಕೆಳಗಿನ ಮನೆಯ ಅಜ್ಜಿ ಬರುತ್ತಿದ್ದಾರೆಂದು ಗೊತ್ತಾಗುತ್ತಿದ್ದುದು ಅವರ ಮೊಣಕಾಲಿನ ಸದ್ದಿನಿಂದ. ಒಂದೊಂದು ಮೆಟ್ಟಿಲಿಗೂ ಲಟಕ್ ಎನ್ನುತ್ತಿತ್ತು. ಹಿಂದೆಯೇ ಆ ಮೊಣಕಾಲಿಗೆ ಅವರದೊಂದು ಬೈಗುಳ. ಬಾಗಿಲಿಗೆ ಬಂದವರೇ ಸೆರಗಿನಿಂದ ಮುಖ ಒರೆಸಿಕೊಂಡು, "ಉಂಡ್ಯೇನಮ್ಮ?" ಎನ್ನುತ್ತಿದ್ದರು. ಮಗಳು ಹುಟ್ಟಿದ ಮೇಲೆ ಮನೆಗೆ ಬಂದವರು, ಫೋನ್ ಮಾಡಿದವರು ಎಲ್ಲರೂ ಮಗು ಹಾಲು ಕುಡಿಯಿತಾ, ಮಲಗಿತಾ ಎಂದೇ ಕೇಳುತ್ತಿದ್ದರು. ನನ್ನ ಊಟ ಕೇಳುತ್ತಿದ್ದವರು ಅಜ್ಜಿ ಒಬ್ಬರೇ.

ಬಾಣಂತನ ಮುಗಿಸಿಕೊಂಡು ನಿಡುಗಲ್ಲಿನ ತವರಿನಿಂದ ಮಧುಗಿರಿಗೆ, ನಾವು ಬಾಡಿಗೆಗಿದ್ದ ಅಜ್ಜಿಯ ಮಹಡಿಗೆ ಮರಳಿದ್ದೆ. ಗಂಡ ಬೆಳಗ್ಗೆ ತುಮಕೂರಿನ ಬಸ್ಸು ಹಿಡಿದರೆ ಬರುವುದು ದೀಪ ಹಚ್ಚಿದ ಮೇಲೆ. ಪಾಠ ಹೇಳುತ್ತಿದ್ದ ಶಾಲೆಯನ್ನು ಬಿಟ್ಟಾಗಿತ್ತು. ಸಂಜೆ ಸುಮ್ಮನೆ ಪೇಟೆ ಸುತ್ತಿ ಬರುತ್ತಿದ್ದವಳಿಗೆ ಈಗ ಕೊತ್ತಂಬರಿ ಸೊಪ್ಪು ತರಲೂ ಮಗು ಮಲಗಬೇಕಿತ್ತು. ಮಲಗಿದರೆ ಬಿಟ್ಟು ಹೋಗುವಂತಿರಲಿಲ್ಲ. ಕಿಟಕಿಯಿಂದ ಬೆಟ್ಟವೊಂದು ಕಾಣುತ್ತಿತ್ತು. ಮಾತಾಡಲು ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಮಗಳು ಅಳು ನಿಲ್ಲಿಸಲೇ ಇಲ್ಲ. ನಾನೂ ಅಳುತ್ತ ಕೂತಿದ್ದೆ. ಅಜ್ಜಿ ಬಂದು ಮಗುವನ್ನು ಹೆಗಲಿಗೆ ಹಾಕಿಕೊಂಡರು.

"ಹೋಗಮ್ಮ, ಕೈ ಬೀಸ್ಕೊಂಡು ಒಂದು ಸುತ್ತು ಹೋಗ್ಬುಟ್ಟು ಬಾ."

"ಎಲ್ಲಿಗಜ್ಜಿ?"

"ಎಲ್ಲಿಗಾದ್ರೂ. ಕೆಲ್ಸ ಇದ್ರೇನೇ ಹೋಗ್ಬೇಕಾ?"

ನಡೆಯುತ್ತ ಬಸ್ ನಿಲ್ದಾಣ ಸೇರಿದೆ. ಪಾವಗಡದ ಬಸ್ಸು ನಿಂತಿತ್ತು. ಹತ್ತಿ ಕಿಟಕಿ ಪಕ್ಕ ಕೂತೆ. ಮಡಿಲು ಬರಿದಾಗಿತ್ತು, ಹಗುರವೆನಿಸಿತು. ಬಸ್ಸು ಹೊರಟಾಗಲೂ ಏಳಲಿಲ್ಲ. ಊರು ದಾಟುವಷ್ಟರಲ್ಲಿ ಎದೆಹಾಲು ಜಿನುಗಿ ರವಿಕೆ ಒದ್ದೆಯಾಯಿತು. ಕಂಡಕ್ಟರನ್ನು ಕೂಗಿ ಬಸ್ಸು ನಿಲ್ಲಿಸಿ, ಇಳಿದು, ಬಿಸಿಲಲ್ಲಿ ಓಡೋಡಿ ಬಂದೆ.

ಮಗಳು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ.

"ನಾನೂ ಹೋಗಿದ್ದೆ ಕಣಮ್ಮ," ಎಂದರು ಮೆಲ್ಲಗೆ. "ದೊಡ್ಡೋನು ತೊಟ್ಲಲ್ಲಿದ್ದ. ಅತ್ತೆಗೆ ನೋಡ್ಕೊ ಅಂತೇಳಿ ಕೊರಟಗೆರೆ ಗಂಟ ಹೋದೆ. ಅಲ್ಲೊಂದು ಟೀ ಕುಡ್ದು ವಾಪಸ್ ಬಂದ್ಬುಟ್ಟೆ. ಯಾರ್ಗೂ ಹೇಳ್ನಿಲ್ಲ. ಹೇಳಿದ್ರೆ ಇವ್ಳೆಂಥ ತಾಯಿ ಅಂತಿದ್ರು."

ಮಲಗಿದ್ದ ಮಗುವನ್ನು ನನ್ನ ಮಡಿಲಿಗೆ ಹಾಕಿ, "ನಾಳೀಕೂ ಹೋಗು. ಬಸ್ ಹತ್ಬೇಡ, ಅಷ್ಟೆ," ಎಂದು ನಕ್ಕರು.

ಅಂದಿನಿಂದ ಮಧ್ಯಾಹ್ನದ ಒಂದಿಷ್ಟು ಹೊತ್ತು ನನ್ನದಾಯಿತು. ಮಗಳು ನಡೆಯತೊಡಗಿದ ಮೇಲೆ ಅವಳನ್ನು ಅವರ ಬಳಿ ಬಿಟ್ಟೇ ಮತ್ತೆ ಶಾಲೆಗೆ ಸೇರಿದೆ.

ಹೋದ ವರ್ಷ ಅಜ್ಜಿ ತೀರಿಕೊಂಡರು. ಕೊಳಾಲದ ಹತ್ತಿರ, ಅವರ ಊರಿನಲ್ಲಿ ಮಣ್ಣು. ಮಗಳನ್ನು ಎತ್ತಿಕೊಂಡು ನಾನೂ ಹೋದೆ. ಅಂಗಳದ ತುಂಬ ಸೊಸೆಯರು, ಓರಗಿತ್ತಿಯರು, ಮೊಮ್ಮಕ್ಕಳು. ಹತ್ತಿರ ಹೋಗಿ ಮುಖ ನೋಡಬೇಕೆಂದು ಮುಂದೆ ಸರಿದಾಗ ಒಬ್ಬ ಹೆಂಗಸು ಕೈ ಅಡ್ಡ ಇಟ್ಟು ಕೇಳಿದಳು: "ನೀನು ಅವ್ರಿಗೆ ಏನಾಗ್ಬೇಕಮ್ಮ?"

ಮಗಳನ್ನು ಇನ್ನೊಂದು ಸೊಂಟಕ್ಕೆ ಹಾಕಿಕೊಂಡೆ.

"ಬಾಡಿಗೆಗಿದ್ದೀವಿ," ಎಂದೆ.

"ಮನೇವ್ರು ನೋಡ್ಕೊಳ್ಳಿ ತಡಿ," ಎಂದಳು. ನಾನು ಹಿಂದೆ ಸರಿದು, ಗೋಡೆಯ ಪಕ್ಕ ಮಗಳನ್ನು ಅವಚಿಕೊಂಡು ನಿಂತು ಅತ್ತೆ.