ಮಾತು ಕೇಳುವ ಸೊಸೆ

ನಮ್ಮ ಎದುರುಮನೆಯ ಕೆಳಗೆ ಇಸ್ತ್ರಿ ಅಂಗಡಿ. ಉದ್ದನೆಯ ಮೇಜಿನ ಆ ಕಡೆ ಅತ್ತೆ, ಈ ಕಡೆ ಸೊಸೆ. ಸೊಸೆಗೆ ಬೀದಿಯವರು ಇಟ್ಟ ಹೆಸರು ಸೈರನ್. ಬಾಯಿ ತೆರೆದರೆ ಮೂಲೆಯ ಔಷಧಿ ಅಂಗಡಿಯವರೆಗೂ ಕೇಳಬೇಕು! ಕಾಲರು ಮೊದಲೋ ತೋಳು ಮೊದಲೋ ಎಂಬಷ್ಟಕ್ಕೇ ಅತ್ತೆಯ ಜತೆ ಅರ್ಧ ದಿನ ಜಗಳ. ಕೇಳುತ್ತ ನಿಂತರೆ ನನಗೆ ಒಲೆಯ ಮೇಲಿನ ಹಾಲೂ ಮರೆತುಹೋಗುತ್ತಿತ್ತು.

ಅವಳಿಗೆ ಹೆಣ್ಣುಮಗುವಾಯಿತು. ಬಾಣಂತನ ಮುಗಿದು ಓಡಾಡುವಂತಾದ ಮೇಲೆ ಮತ್ತೆ ಮೇಜಿನ ಮುಂದೆ ಬಂದು ನಿಂತಳು. ಆದರೆ ಸದ್ದೇ ಇಲ್ಲ. ಮಗು ಅತ್ತರೆ ಅತ್ತೆಯೇ ಎತ್ತಿ ಅವಳ ಮಡಿಲಿಗೆ ಹಾಕಬೇಕು. ಹಾಲು ಕುಡಿಸಿ, ಯಾರದೋ ಮಗುವೆಂಬಂತೆ ವಾಪಸು ಕೊಟ್ಟುಬಿಡುವಳು.

"ತಾಯಿ ಆದ್ಮೇಲೆ ಎಷ್ಟು ಒಳ್ಳೆಯವಳಾದ್ಲು ನೋಡಿ! ಅದೃಷ್ಟ ನಿಮ್ದು" ಎಂದು ಔಷಧಿ ಅಂಗಡಿಯವನ ಹೆಂಡತಿ ಅತ್ತೆಗೆ ಹೇಳಿದ್ದೇ ಹೇಳಿದ್ದು.

ಅತ್ತೆಗೆ ಮಾತ್ರ ಸಮಾಧಾನವಿಲ್ಲ. ಒಂದು ಬೆಳಿಗ್ಗೆ ಬೇಕೆಂದೇ ಕೆಣಕಿದಳು. "ಏನೇ ಇದು? ಅಂಗಿಗೆ ಇಸ್ತ್ರಿ ಹಾಕಿದ್ದೀಯೋ, ಎಮ್ಮೆ ಬಾಯಿಂದ ಕಿತ್ತು ತಂದಿದ್ದೀಯೋ?"

"ಹೌದು ಅತ್ತೆ. ನನ್ನ ಕೈಯಲ್ಲಿ ಏನೂ ಆಗಲ್ಲ."

"ನಿಮ್ಮಮ್ಮ ಏನೂ ಕಲಿಸ್ಲಿಲ್ವಾ?"

ನಾನು ಕಿಟಕಿಯ ಸರಳು ಹಿಡಿದು ಕಾದೆ. ತವರಿನ ಸುದ್ದಿ ಎತ್ತಿದರೆ ಹಿಂದೆಲ್ಲ ಮೇಜೇ ನಡುಗುತ್ತಿತ್ತು! ಅವಳು "ಇಲ್ಲ ಅತ್ತೆ" ಎಂದು ತಲೆ ತಗ್ಗಿಸಿದಳು.

ಅತ್ತೆ ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಕಿತ್ತು ನನ್ನ ಕಿಟಕಿಯತ್ತ ಕೂಗಿದಳು. "ಅಕ್ಕಾ, ಬೇಗ ಬನ್ನಿ, ಮಗೂನ ಎತ್ಕೊಳ್ಳಿ, ಆಸ್ಪತ್ರೆಗೆ ಹೋಗೋಣ!" ನಾನು ಚಪ್ಪಲಿ ಅದಲುಬದಲು ಮೆಟ್ಟಿಕೊಂಡೇ ಓಡಿದೆ.

"ಜ್ವರಾನಾ? ನೋವಾ?" ಎಂದರು ಡಾಕ್ಟರಮ್ಮ.

"ಎರಡೂ ಇಲ್ಲ ತಾಯಿ. ಹೇಳಿದ ಮಾತೆಲ್ಲ ಕೇಳ್ತಾಳೆ. ಅದೇ ಕಾಯಿಲೆ!" ಎಂದಳು ಅತ್ತೆ.

ನನಗೆ ನಗು ಬಂತು, ಡಾಕ್ಟರಮ್ಮ ನಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಸೊಸೆಯನ್ನೇ ಮೆಲ್ಲಗೆ ಕೇಳಿದರು. ಅವಳು ಬಾಯಿ ಬಿಟ್ಟಳು. "ಮಗು ಅತ್ರೆ ನಂಗೇನೂ ಅನ್ಸಲ್ಲ. ನಾನಿಲ್ದೆ ಇದ್ರೇನೇ ಅದು ಚೆನ್ನಾಗಿರುತ್ತೆ ಅನ್ಸುತ್ತೆ."

ಅತ್ತೆ ಅವಳ ಕೈ ಹಿಡಿದವಳು ಮನೆ ಸೇರುವವರೆಗೂ ಬಿಡಲಿಲ್ಲ.

"ಹೆರಿಗೆ ಆದವರಿಗೆ ಬರೋ ಕಾಯಿಲೆ ಇದು. ಇವಳ ತಪ್ಪಲ್ಲ. ವಾಸಿ ಆಗುತ್ತೆ" ಎಂದರು ಡಾಕ್ಟರಮ್ಮ. ಮಾತ್ರೆ ಕೊಟ್ಟರು. ಮತ್ತೆ ಮತ್ತೆ ಬಂದು ಮಾತಾಡಬೇಕು, ಒಬ್ಬಳನ್ನೇ ಬಿಡಬೇಡಿ, ಕಣ್ತುಂಬ ನಿದ್ದೆ ಮಾಡಲಿ ಎಂದರು. ರಾತ್ರಿ ಮಗುವನ್ನು ನೋಡಿಕೊಳ್ಳಲು ಅವಳ ಗಂಡ, ಹಗಲು ನಾನೂ ಅತ್ತೆಯೂ. ಒಂದು ದಿನ ಅವಳಿಗೆ ಊಟ ಸೇರುವುದು, ಮರುದಿನ ಮತ್ತೆ ಗೋಡೆಯ ಕಡೆ ಮುಖ. ಹೀಗೇ ವಾರಗಳು ಹೋದವು.

ನಿನ್ನೆ ಅತ್ತೆ ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಸೀರೆ ಮಡಚುತ್ತಿದ್ದಳು. ಇದ್ದಕ್ಕಿದ್ದಂತೆ ಕೂಗಿತಪ್ಪ ಸೈರನ್!

"ಅತ್ತೇ! ಕಣ್ಣು ಎಲ್ಲಿಟ್ಟಿದ್ದೀರಾ? ಕಾದ ಪೆಟ್ಟಿಗೆ ಪಕ್ಕಾನೇ ಕಾಲು ಆಡಿಸ್ತಿದೆ! ಕೊಡಿ ಇಲ್ಲಿ ನನ್ನ ಮಗೂನ!"

ನಾನು ಮೆಟ್ಟಿಲಿಳಿದು ಓಡುವಷ್ಟರಲ್ಲಿ ಮಗು ಅವಳ ಎದೆಗೇರಿತ್ತು. ಪುಟ್ಟ ಪಾದವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು, ಬೈಗುಳ ಮಾತ್ರ ನಿಂತಿರಲಿಲ್ಲ. ಅತ್ತೆ ಬೈಸಿಕೊಳ್ಳುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ತೋಳು ಹಿಡಿದು ಅಲುಗಾಡಿಸಿಬಿಟ್ಟಳು.

"ಕೇಳಿದ್ರಾ ಅಕ್ಕಾ? ನನ್ನ ಮಗು ಅಂದ್ಲು!"